ಯಯಾತಿಯ ಋಣ: ಸತ್ಯದ ಬೆಲೆ ತೆರುವವರು ಯಾರು?

ಕೊಡವ ತಕ್ಕಿನ ನಾಟಕಸಾಹಿತ್ಯಕ್ಕೆ ಅಡಿಪಾಯ ಹಾಕಿದ ಹರದಾಸ ಅಪ್ಪಚ್ಚಕವಿಗಳು (1868–1944) 1906ರಲ್ಲಿ ತಮ್ಮ ಮೊದಲ ನಾಟಕಕ್ಕೆ ಯಯಾತಿಯ ವೃತ್ತಾಂತವನ್ನು ಆರಿಸಿಕೊಂಡರು. ‘ಸಾವಿತ್ರಿ’, ‘ಸುಬ್ರಹ್ಮಣ್ಯ’, ‘ಕಾವೇರಿ’ಗಳು ಬಂದದ್ದು ಆ ಬಳಿಕ. ಕಾರೋಣನನ್ನು ಆರಾಧಿಸುವ, ಹಿರಿಯರ ಪಾದ ಮುಟ್ಟಿ ಹರಸಿಕೊಳ್ಳುವ ಐನ್‌ಮನೆಗಳ ನಾಡಿಗೆ ಈ ಕಥೆ ದೂರದ್ದಲ್ಲ. ಹಿರಿಯನು ಕಿರಿಯನಿಂದ ಏನನ್ನು ಕೇಳಬಹುದು, ಕಿರಿಯನು ಎಲ್ಲಿ ಇಲ್ಲವೆನ್ನಬಹುದು ಎಂಬುದೇ ಅದರ ತಿರುಳು. ಕ್ರೈಸ್ತ ಬೋಧಕರಾದ ನಾವೂ ಈ ಕಥೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲುವುದು ಉಚಿತ.

ಮಹಾಭಾರತದ ಆದಿಪರ್ವದಲ್ಲಿ ಸತ್ಯ ಹೊರಬೀಳುವುದು ಮಕ್ಕಳ ಬಾಯಿಂದ. ಶರ್ಮಿಷ್ಠೆಯ ಮಕ್ಕಳನ್ನು ಅವರ ತಂದೆ ಯಾರೆಂದು ದೇವಯಾನಿ ಕೇಳುತ್ತಾಳೆ; ಅವರು ನಿಷ್ಕಪಟವಾಗಿ ಯಯಾತಿಯತ್ತ ಬೆರಳು ತೋರುತ್ತಾರೆ. ಅರಸನ ಗುಟ್ಟು ರಟ್ಟಾಗುತ್ತದೆ, ಶುಕ್ರಾಚಾರ್ಯರ ಶಾಪದಿಂದ ಮುಪ್ಪು ಬರುತ್ತದೆ. ಆದರೆ ಬೆಲೆ ತೆರಬೇಕಾದವನು ಅದನ್ನು ಮಕ್ಕಳ ಮೇಲೆ ಹೊರಿಸಲು ಹೊರಡುತ್ತಾನೆ. ತಮ್ಮ ಯೌವನವನ್ನು ಕೊಡಲಾರೆವೆಂದ ನಾಲ್ವರು ಮಕ್ಕಳಿಗೆ ಶಾಪ. ಒಪ್ಪಿಕೊಂಡ ಪೂರುವಿಗೆ ರಾಜ್ಯ. ಆ ನಾಲ್ವರ ನಿರಾಕರಣೆಯಲ್ಲಿ ಸ್ವಾರ್ಥವೂ ಇದ್ದಿರಬಹುದು. ಆದರೂ ಅವರು ಮನಸ್ಸಿನಲ್ಲಿದ್ದುದನ್ನೇ ಆಡಿದರು ಮತ್ತು ಅದಕ್ಕಾಗಿ ದಂಡನೆ ಅನುಭವಿಸಿದರು. ವಿಧೇಯತೆಯನ್ನು ಮಾತ್ರ ಮೆಚ್ಚುವ ಮನೆಯಲ್ಲಿ ಪ್ರಾಮಾಣಿಕತೆಗೆ ಸಿಗುವ ಪ್ರತಿಫಲವಿದು.

ಇದೇ ಕಥೆಯನ್ನು ಕನ್ನಡ ರಂಗಭೂಮಿಗೆ ತಂದ ಗಿರೀಶ ಕಾರ್ನಾಡರ ‘ಯಯಾತಿ’ (1961), ಮೂಲದಲ್ಲಿಲ್ಲದ ಒಂದು ಪಾತ್ರವನ್ನು ಸೃಷ್ಟಿಸುತ್ತದೆ. ಅವಳು ಪೂರುವಿನ ಹೊಸ ಮಡದಿ ಚಿತ್ರಲೇಖೆ. ಎಲ್ಲರೂ ತ್ಯಾಗವೆಂದು ಕೊಂಡಾಡುವುದನ್ನು ಅವಳು ಒಪ್ಪುವುದಿಲ್ಲ. ಮುದುಕನಾದ ಗಂಡನನ್ನು ಸ್ವೀಕರಿಸೆಂದು ಮಾವನು ಧರ್ಮ ಬೋಧಿಸಿದಾಗ, ಮಗನ ಯೌವನವನ್ನು ಪಡೆದವನು ಮಗನ ಸ್ಥಾನವನ್ನೂ ವಹಿಸಲಿ ಎಂದು ಸವಾಲೆಸೆಯುತ್ತಾಳೆ. ಆ ಮಾತು ಅಸಹ್ಯವೆನಿಸುವುದು ಅದು ಸುಳ್ಳಾದುದರಿಂದಲ್ಲ. ಯಯಾತಿಯ ಬೇಡಿಕೆಯಲ್ಲಿ ಆಗಲೇ ಅಡಗಿದ್ದ ಅಸಹ್ಯವನ್ನು ಅದು ಬಯಲಿಗೆಳೆದುದರಿಂದ. ಅವಳು ವಿಷ ಕುಡಿದು ಸಾಯುತ್ತಾಳೆ. ಅದಾದ ಮೇಲೆಯೇ ಯಯಾತಿ ತನ್ನ ಮುಪ್ಪನ್ನು ಹಿಂದಕ್ಕೆ ಪಡೆಯುತ್ತಾನೆ. ಆ ಸಾವನ್ನು ನಾಟಕಕಾರರು ವೈಭವೀಕರಿಸುವುದಿಲ್ಲ. ನಾವೂ ಅದನ್ನು ಮಾದರಿಯೆನ್ನಬಾರದು. ಸತ್ಯವನ್ನು ಕೇಳುವವರಿಲ್ಲದ ಮನೆಯ ಮೇಲೆ ಅದು ಆರೋಪಪಟ್ಟಿಯಾಗಿ ಉಳಿಯುತ್ತದೆ.

ಪೂರುವಿನಲ್ಲಿ ಕ್ರಿಸ್ತನ ಛಾಯೆಯನ್ನು ಕಾಣುವುದು ಬೋಧಕರಿಗೆ ಸುಲಭ: ಒಬ್ಬನ ಶಾಪವನ್ನು ನಿರಪರಾಧಿಯೊಬ್ಬನು ಹೊತ್ತನಲ್ಲವೇ? ಈ ಹೋಲಿಕೆಯನ್ನು ನಾವು ಒಪ್ಪಲಾರೆವು. ಪೂರುವಿನ ತ್ಯಾಗ ಯಯಾತಿಯನ್ನು ತನ್ನ ಪಾಪದ ಎದುರು ನಿಲ್ಲಿಸುವುದಿಲ್ಲ. ಅದರಿಂದ ತಪ್ಪಿಸಿಕೊಳ್ಳಲು ದಾರಿ ಮಾಡಿಕೊಡುತ್ತದೆ. ಶಿಲುಬೆಯಾದರೋ ಪಾಪವನ್ನು ಮುಚ್ಚಿಡುವುದಿಲ್ಲ, ಲೋಕದ ಕಣ್ಣೆದುರು ಎತ್ತಿ ತೋರಿಸುತ್ತದೆ. ಯೋಹಾನನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಕರ್ತನು ತನ್ನ ಪ್ರಾಣವನ್ನು ತಾನಾಗಿಯೇ ಕೊಡುತ್ತಾನೆ. ಬಲಶಾಲಿಯೊಬ್ಬನು ಅದನ್ನು ಬಲಹೀನನಿಂದ ಕೇಳಿ ಪಡೆಯುವುದಿಲ್ಲ. ಯಯಾತಿಗೆ ಸರಿಯಾದ ಪ್ರತಿರೂಪ 2 ಸಮುವೇಲ 24ರ ದಾವೀದನು. ಜನರು ವ್ಯಾಧಿಯಿಂದ ಸಾಯುತ್ತಿರುವುದನ್ನು ಕಂಡು, ಪಾಪ ಮಾಡಿದವನು ತಾನು, ಈ ಕುರಿಗಳು ಏನು ಮಾಡಿದವು, ದಂಡನೆ ತನ್ನ ಮೇಲೆಯೇ ಬರಲಿ ಎಂದು ಅವನು ಮೊರೆಯಿಡುತ್ತಾನೆ. ಯಯಾತಿ ಆಡಬೇಕಾಗಿದ್ದ ಮಾತು ಅದೇ.

ಆದುದರಿಂದ ಸತ್ಯಕ್ಕೆ ಬೆಲೆಯುಂಟು ಎಂದು ಹೇಳಿ ನಿಲ್ಲಿಸುವುದು ಅರ್ಧ ಉಪದೇಶ. ಆ ಬೆಲೆಯನ್ನು ಯಾರು ತೆರುತ್ತಿದ್ದಾರೆ ಎಂದು ಕೇಳಿದಾಗಲೇ ನೈತಿಕ ಪ್ರಾಮಾಣಿಕತೆಯ ಪರೀಕ್ಷೆ ಆರಂಭವಾಗುತ್ತದೆ. ಸಭೆಯ ಲೆಕ್ಕಪತ್ರದಲ್ಲಾಗಲಿ ಹಿರಿಯನೊಬ್ಬನ ನಡತೆಯಲ್ಲಾಗಲಿ ದೋಷ ಕಂಡುಬಂದಾಗ, ಸಭೆಯ ಹೆಸರನ್ನು ಉಳಿಸಲು ಮೌನವಾಗಿರೆಂದು ಕಿರಿಯರನ್ನೂ ಸ್ತ್ರೀಯರನ್ನೂ ಕೇಳಿಕೊಳ್ಳುವುದುಂಟು. ಆ ಮೌನಕ್ಕೆ ನಾವು ತ್ಯಾಗವೆಂದು ಹೆಸರಿಡುತ್ತೇವೆ, ಕೆಲವೊಮ್ಮೆ ಶಿಲುಬೆಯೆಂದೂ ಕರೆಯುತ್ತೇವೆ. ಹಾಗೆ ಕರೆಯುವಾಗ ನಮ್ಮ ನಾಲಗೆಯಲ್ಲಿ ಮಾತಾಡುತ್ತಿರುವವನು ಯಯಾತಿ. ಚಿತ್ರಲೇಖೆಯಂಥವಳು ಬದುಕಿರುವಾಗಲೇ ಅವಳ ಮಾತಿಗೆ ಕಿವಿಗೊಡುವ ಸಭೆ ಮಾತ್ರವೇ ಶಿಲುಬೆಯನ್ನು ಸಾರಲು ಅರ್ಹವಾದುದು.