ಮುಯ್ಯಿ ಪುಸ್ತಕ ಇಲ್ಲದ ಮದುವೆ

ಮೊನ್ನೆ ಒಂದು ಭಾನುವಾರ, ಮಳೆ ಹಿಡಿದುಕೊಂಡು ಎಲ್ಲೂ ಹೋಗೋಕೆ ಆಗದೆ, ನಾನೂ ನನ್ನ ಗಂಡನೂ ‘ಮಾನ್ಸೂನ್ ವೆಡ್ಡಿಂಗ್’ ಹಾಕಿಕೊಂಡು ಕೂತೆವು. ನನಗೆ ಇದು ಮೂರನೇ ಸಲವೋ ನಾಲ್ಕನೇ ಸಲವೋ, ಅವನಿಗೆ ಮೊದಲನೇ ಸಲ. ಮುಗಿದ ಮೇಲೆ ಕೇಳಿದೆ, ಯಾವ ಸೀನ್ ಇಷ್ಟ ಆಯ್ತು ಅಂತ. ಮದುಮಗಳ ಅಪ್ಪ ಖರ್ಚಿಗೆ ದುಡ್ಡು ಸಾಲದೆ ಗೆಳೆಯರ ಹತ್ತಿರ ಕೈ ಚಾಚೋದು ಅಂದ. ನನ್ನ ತಲೆಯಲ್ಲಿ ಕೂತಿದ್ದು ಕೆಲಸದ ಹುಡುಗಿ ಕನ್ನಡಿ ಮುಂದೆ ನಿಂತು ಮನೆಯೊಡತಿಯ ಒಡವೆ ಹಾಕಿಕೊಂಡು ನೋಡುವ ಸೀನು. ಒಂದೇ ಸೋಫಾ, ಒಂದೇ ಸಿನಿಮಾ, ನೋಡಿದ್ದು ಮಾತ್ರ ಬೇರೆ ಬೇರೆ.

ಇದರಲ್ಲಿ ಆಶ್ಚರ್ಯ ಏನಿಲ್ಲ. ನಾನು ಮದ್ದೂರಿನ ಟೈಲರ್ ಮಗಳು. ಅವನು ಜಯನಗರದ ರಿಟೈರ್ಡ್ ಎಂಜಿನಿಯರ್ ಮಗ.

ನೋಡದವರಿಗಾಗಿ ಕಥೆ ಸ್ವಲ್ಪ ಹೇಳಿಬಿಡುತ್ತೇನೆ. ಮೀರಾ ನಾಯರ್ ನಿರ್ದೇಶನದ ಈ ಸಿನಿಮಾ ಬಂದದ್ದು 2001ರಲ್ಲಿ. ಆ ವರ್ಷ ವೆನಿಸ್ ಚಿತ್ರೋತ್ಸವದ ಗೋಲ್ಡನ್ ಲಯನ್ ಇದಕ್ಕೇ ಬಂತು. ದೆಹಲಿಯ ಪಂಜಾಬಿ ಕುಟುಂಬ, ಅಪ್ಪ ಲಲಿತ್ ವರ್ಮಾ ಆಗಿ ನಾಸಿರುದ್ದೀನ್ ಶಾ, ಮದುಮಗಳು ಅದಿತಿಯಾಗಿ ನಮ್ಮ ಬೆಂಗಳೂರಿನ ವಸುಂಧರಾ ದಾಸ್. ಗಂಡು ಹೂಸ್ಟನ್ನಿನಿಂದ ಬಂದ ಹೇಮಂತ್. ಮನೆ ತುಂಬ ನೆಂಟರು, ಗಲಾಟೆ, ಹಾಡು, ಕುಡಿತ. ಇದರ ಜೊತೆಗೇ, ಹಿತ್ತಲಲ್ಲಿ ಅನ್ನೋ ಹಾಗೆ, ಇನ್ನೊಂದು ಪ್ರೇಮ ಚಿಗುರುತ್ತದೆ. ಶಾಮಿಯಾನ ಹಾಕಿಸೋ ಕಾಂಟ್ರಾಕ್ಟರ್ ದುಬೆ (ವಿಜಯ್ ರಾಜ್), ಮನೆಗೆಲಸದ ಹುಡುಗಿ ಆಲಿಸ್ (ತಿಲೋತ್ತಮಾ ಶೋಮ್). ಕೊನೆಗೆ ಒಂದಲ್ಲ, ಎರಡು ಮದುವೆ ಆಗುತ್ತವೆ.

ಕಾಲೇಜಿನಲ್ಲಿದ್ದಾಗ ನೋಡಿ ನಾನು ದುಬೆಗೆ ಮರುಳಾಗಿದ್ದೆ. ಚೆಂಡುಹೂವು ತಿನ್ನುತ್ತಾ ಮೊಬೈಲಲ್ಲಿ ಕಿರುಚುತ್ತಾ ಓಡಾಡುವ ಮನುಷ್ಯ ಆಲಿಸ್ ಎದುರು ಬಂದ ಕೂಡಲೇ ಮಾತು ಮರೆತುಬಿಡುತ್ತಾನೆ. ಹೂವಿನಲ್ಲಿ ಹೃದಯ ಮಾಡಿ ಹಿಡಿದು ನಿಲ್ಲುತ್ತಾನೆ. ಕಣ್ಣಲ್ಲಿ ನೀರು ಬರದಿದ್ದರೆ ಕೇಳಿ. ಈಗಲೂ ಬಂತು. ಆದರೆ ಈ ಸಲ ಅಳು ಬರೋದಕ್ಕೂ ಮೊದಲು ಒಂದು ಪ್ರಶ್ನೆ ಬಂತು: ಈ ಹುಡುಗಿಯ ಅಪ್ಪ ಅಮ್ಮ ಎಲ್ಲಿ?

ಸಿನಿಮಾ ತೋರಿಸುವುದಿಲ್ಲ. ದುಬೆಗೆ ಮನೆಯಲ್ಲೊಬ್ಬ ತಾಯಿ ಇದ್ದಾಳೆ. ಆದರೆ ಆಲಿಸ್ ಕಡೆಯವರು, ಅವನ ಕಡೆಯವರು ಎದುರಾಬದುರಾ ಕೂತು ಮಾತಾಡುವ ದೃಶ್ಯವೇ ಇಲ್ಲ. ಹೆಸರುಗಳನ್ನೇ ನೋಡಿ, ದುಬೆ ಅನ್ನೋದು ಬ್ರಾಹ್ಮಣರ ಅಡ್ಡಹೆಸರು, ಆಲಿಸ್ ಕ್ರೈಸ್ತರ ಹೆಸರು. ಅವನು ಕೈಕೆಳಗೆ ಹುಡುಗರನ್ನು ಇಟ್ಟುಕೊಂಡ ಕಾಂಟ್ರಾಕ್ಟರ್, ಅವಳು ಇನ್ನೊಬ್ಬರ ಮನೆಯಲ್ಲಿ ಟ್ರೇ ಹಿಡಿಯುವವಳು. ನಮ್ಮ ಊರಲ್ಲಾದರೆ ಇಷ್ಟು ಸಾಕು, ಆರು ತಿಂಗಳು ಪಂಚಾಯಿತಿ ನಡೆಯೋಕೆ. ಸಿನಿಮಾ ಮಾತ್ರ ಇಬ್ಬರನ್ನೂ ‘ಕೆಲಸದವರು’ ಅನ್ನೋ ಒಂದೇ ಬುಟ್ಟಿಗೆ ಹಾಕಿ, ಅವರ ಮಧ್ಯೆ ಅಂತರವೇ ಇಲ್ಲ ಅನ್ನೋ ಥರ ಮದುವೆ ಮಾಡಿಸುತ್ತದೆ. ವರ್ಮಾ ಮನೆಯ ಬಾಲ್ಕನಿಯಿಂದ ಕೆಳಗೆ ನೋಡಿದರೆ ಹಾಗೇ ಕಾಣೋದು. ಕೆಳಗೆ ನಿಂತವರಿಗೆ ಹಾಗೆ ಕಾಣಲ್ಲ.

ಹಾಗಂತ ಸಿನಿಮಾಕ್ಕೆ ಅಂತಸ್ತಿನ ಬಗ್ಗೆ ಏನೂ ಗೊತ್ತಿಲ್ಲ ಅಂತಲ್ಲ. ಒಡವೆಯ ಸೀನೇ ಸಾಕ್ಷಿ. ಆಲಿಸ್ ಒಡವೆ ಹಾಕಿಕೊಂಡು ಕನ್ನಡಿ ನೋಡುತ್ತಿರೋದನ್ನು ಹೊರಗಿನಿಂದ ದುಬೆಯ ಹುಡುಗರು ನೋಡುತ್ತಾರೆ, ಕಳ್ಳಿ ಅಂದುಕೊಳ್ಳುತ್ತಾರೆ.  ಅವಳಿಗೆ ನೋವಾಗೋದು ಅದಕ್ಕೇ, ಅನುಮಾನ ಪಟ್ಟವರು ಯಜಮಾನರಲ್ಲ, ತನ್ನವರೇ.

ಈಗ ನನ್ನ ಮದುವೆ ವಿಷಯ ಹೇಳಲೇಬೇಕು. ಇಲ್ಲದಿದ್ದರೆ ನನ್ನ ತಕರಾರು ನಿಮಗೆ ಪೂರ್ತಿ ಅರ್ಥ ಆಗಲ್ಲ.

ಆರು ವರ್ಷದ ಹಿಂದಿನ ಮಾತು. ಆಫೀಸಲ್ಲಿ ಪರಿಚಯ, ಪ್ರೀತಿ. ಜಾತಿ ಒಂದೇ ಆಗಿತ್ತು, ಎರಡೂ ಮನೆಯವರು ಮೊದಲ ಸಲಕ್ಕೇ ಹ್ಞೂಂ ಅಂದರು. ಜಗಳ ಶುರುವಾದದ್ದು ‘ಸಿಂಪಲ್’ ಅನ್ನೋ ಪದದಿಂದ. ಮಾವ ತುಂಬ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: “ನೋಡಿ ಬೀಗರೇ, ನಿಮಗೂ ಹೊರೆ ಆಗಬಾರದು. ಕನಕಪುರ ರಸ್ತೆಯಲ್ಲಿ ಒಂದು ರೆಸಾರ್ಟ್ ಇದೆ. 150 ಜನ, ಅರ್ಧ ಖರ್ಚು ನಮ್ಮದು. ಸಿಂಪಲ್ಲಾಗಿ ಮುಗಿಸೋಣ. ಇನ್ವಿಟೇಷನ್ನಲ್ಲಿ ಉಡುಗೊರೆ ತರಬೇಡಿ ಅಂತಲೂ ಹಾಕಿಸಿಬಿಡೋಣ.”

ಅಪ್ಪ ಅಲ್ಲಿ ಏನೂ ಮಾತಾಡಲಿಲ್ಲ. ಮನೆಗೆ ಬಂದ ಮೇಲೆ ಬೀರುವಿನಿಂದ ಒಂದು ಹಳೇ ಲೆಕ್ಕದ ಪುಸ್ತಕ ತೆಗೆದ. ನನ್ನ ಮುಂದೆ ಇಟ್ಟ.

ಅದು ಮುಯ್ಯಿ ಪುಸ್ತಕ. ಬೆಂಗಳೂರಲ್ಲೇ ಹುಟ್ಟಿ ಬೆಳೆದವರಿಗೆ ಗೊತ್ತಿಲ್ಲದಿರಬಹುದು. ನಮ್ಮ ಕಡೆ ಮದುವೆಮನೆ ಬಾಗಿಲಲ್ಲಿ ಒಂದು ಟೇಬಲ್ ಹಾಕಿಕೊಂಡು ಒಬ್ಬರು ಕೂತಿರುತ್ತಾರೆ. ಯಾರು, ಯಾವ ಊರು, ಎಷ್ಟು ಕೊಟ್ಟರು ಅಂತ ಬರೆದುಕೊಳ್ಳುತ್ತಾರೆ. ನಾಳೆ ಅವರ ಮನೆಯಲ್ಲಿ ಮದುವೆಯಾದಾಗ ಪುಸ್ತಕ ತೆಗೆದು ನೋಡಿ, ಅಷ್ಟಕ್ಕೆ ಸ್ವಲ್ಪ ಸೇರಿಸಿ ನಾವು ಕೊಡಬೇಕು. ಬ್ಯಾಂಕು ಸಾಲ ಕೊಡದ ಜನ ಒಬ್ಬರ ಮದುವೆಯನ್ನು ಇನ್ನೊಬ್ಬರು ಎತ್ತಿ ಹಿಡಿಯುವ ದಾರಿ ಇದು. ಅಪ್ಪ ಯಾರ ಯಾರ ಮನೆಗೆ ಎಷ್ಟು ಹಾಕಿದ್ದಾನೆ ಅನ್ನೋದೂ ಆ ಪುಸ್ತಕದಲ್ಲಿತ್ತು. ಇಪ್ಪತ್ತೈದು ವರ್ಷಗಳ ಲೆಕ್ಕ. ಐವತ್ತೊಂದು, ನೂರೊಂದು, ಒಂದು ಕಡೆ ಐನೂರೊಂದು. ಆ ಐನೂರು ಕೊಟ್ಟ ತಿಂಗಳು ನಮ್ಮ ಮನೆಯಲ್ಲಿ ಏನು ನಡೆದಿತ್ತು ಅಂತ ನನಗೆ ನೆನಪಿದೆ.

“ನಾನು ಇವ್ರೆಲ್ಲಾರ ಮನೇಲೂ ಉಂಡಿವ್ನಿ ಕನವ್ವ. ನಮ್ಮನೇಲಿ ಉಣ್ಣಕ್ಕೆ ಬರಬ್ಯಾಡಿ ಅಂತ ಯಾವ ಮಕ ಇಟ್ಕಂಡು ಹೇಳ್ಲಿ?” ಅಂದ.

ನಾನು ಏನಂದೆ ಗೊತ್ತಾ? “ಅಪ್ಪ, ಈಗ ಯಾರೂ ಹಂಗೆಲ್ಲ ಮಾಡಲ್ಲ” ಅಂದೆ. ನಮ್ಮ ಟೀಮಿನವರು ಬಂದಾಗ ಬಾಗಿಲಲ್ಲಿ ಟೇಬಲ್ ಹಾಕಿಕೊಂಡು ದುಡ್ಡು ಎಣಿಸೋದು ಕಣ್ಮುಂದೆ ಬಂದು ನಾಚಿಕೆಯಾಗಿತ್ತು. 800 ಜನಕ್ಕೆ ಊಟ ಹಾಕೋದು ದುಂದು, ರೆಸಾರ್ಟಿನಲ್ಲಿ 150 ಜನ ಸಿಂಪಲ್ ಅಂತ ನಾನೂ ನಂಬಿದ್ದೆ. ಲೆಕ್ಕ ಹಾಕಿದಾಗ ನಮ್ಮೂರ ಛತ್ರದಲ್ಲಿ 800 ಎಲೆಗೆ ಆಗುತ್ತಿದ್ದ ಖರ್ಚಿಗೂ ರೆಸಾರ್ಟಿನ 150 ಪ್ಲೇಟಿಗೂ ಅಂಥ ವ್ಯತ್ಯಾಸ ಇರಲಿಲ್ಲ. ಆ ಲೆಕ್ಕ ಹಾಕಿದ್ದು ಮದುವೆ ಮುಗಿದ ಮೇಲೆ.

ನಮ್ಮ ಪಾಲಿಗೆ ಬಂದದ್ದು 75 ಜನ. ಅಪ್ಪ ಪುಸ್ತಕ ಹಿಡಿದು ಕೂತು ಹೆಸರುಗಳ ಮೇಲೆ ಗೀಟು ಎಳೆದ. ಮದುವೆ ದಿನ ಅಪ್ಪನ ಅಂಗಡಿ ಪಕ್ಕ ಸೈಕಲ್ ರಿಪೇರಿ ಮಾಡುವವರು, ನಾನು ಮಾಮ ಅಂತ ಕರೆಯೋರು, ಒಂದು ರೂಪಾಯಿ ನಾಣ್ಯ ಅಂಟಿಸಿದ ಕವರ್ ಹಿಡಿದು ಸ್ಟೇಜಿಗೆ ಬಂದರು. ಪಕ್ಕದಲ್ಲಿ ನಿಂತಿದ್ದ ಗಂಡನ ಕಸಿನ್ ನಗುತ್ತಾ, ಕೈ ಮುಗಿದು, “ಬೇಡ ಅಂಕಲ್, ನಿಮ್ಮ ಬ್ಲೆಸಿಂಗ್ಸ್ ಸಾಕು” ಅಂತ ಕವರನ್ನು ಅವರ ಕೈಗೇ ವಾಪಸ್ ಇಟ್ಟಳು. ಅದಕ್ಕಿಂತ ಮರ್ಯಾದೆಯಿಂದ ಹೇಳೋಕೆ ಸಾಧ್ಯವಿರಲಿಲ್ಲ. ಮಾಮ ಕವರ್ ಜೇಬಿಗೆ ಹಾಕಿಕೊಂಡು ಕೆಳಗಿಳಿದರು. ಊಟ ಮಾಡದೆ ಬಸ್ ಹತ್ತಿದರು ಅಂತ ಆಮೇಲೆ ಅವ್ವ ಹೇಳಿದಳು. ಮುಯ್ಯಿ ಮುಟ್ಟಿಸದೆ ಉಣ್ಣೋದು ಹೇಗೆ?

ಅವತ್ತು ಯಾರೂ ಕೆಟ್ಟವರಾಗಿರಲಿಲ್ಲ. ಸಿನಿಮಾಗಳ ಮೇಲೆ ನನ್ನ ಸಿಟ್ಟು ಇಲ್ಲಿಂದಲೇ ಶುರು. ನಮ್ಮ ಮಾಮೂಲಿ ಸಿನಿಮಾಗಳಲ್ಲಿ ಶ್ರೀಮಂತ ಅಪ್ಪ ಚೆಕ್ ಬುಕ್ ತೆಗೆದು, ಎಷ್ಟು ಬೇಕು ಬರ್ಕೋ, ನನ್ನ ಮಗನನ್ನು ಬಿಟ್ಟುಬಿಡು ಅಂತಾನೆ. ಅಂಥವರ ಜೊತೆ ಜಗಳ ಆಡೋದು ಸುಲಭ. ನಮ್ಮ ಮಾವನಂಥವರ ಜೊತೆ ಹೇಗೆ ಆಡ್ತೀರಿ? ಅವರು ಕೇಳಿದ್ದೇನೂ ಇಲ್ಲ, ಬೇಡ ಅಂದದ್ದಷ್ಟೇ. ಆ ಬೇಡ ಅನ್ನೋದರಲ್ಲಿ ನಮ್ಮಪ್ಪನ ಇಪ್ಪತ್ತೈದು ವರ್ಷ ಹೋಯಿತು ಅಂತ ಅವರಿಗೆ ಇವತ್ತಿಗೂ ಗೊತ್ತಿಲ್ಲ.

‘ಮಾನ್ಸೂನ್ ವೆಡ್ಡಿಂಗ್’ ಆ ಮಾಮೂಲಿ ಸಿನಿಮಾಗಳ ಸಾಲಿಗೆ ಸೇರೋದಲ್ಲ. ಮದುವೆ ಅಂದರೆ ಲೆಕ್ಕ ಅಂತ ಅದಕ್ಕೆ ಚೆನ್ನಾಗಿ ಗೊತ್ತು. ಬಿಳಿ ಶಾಮಿಯಾನ ತಂದದ್ದಕ್ಕೆ ಲಲಿತ್ ರೇಗುತ್ತಾನೆ, ಮಳೆ ತಡೆಯೋ ಹೊದಿಕೆ ಬೇಕಂದರೆ ದುಬೆ ಎಕ್ಸ್‌ಟ್ರಾ ಕೇಳುತ್ತಾನೆ. ಅದಕ್ಕಿಂತ ದೊಡ್ಡದು ತೇಜ್ ಪುರಿಯ ಲೆಕ್ಕ. ಕುಟುಂಬಕ್ಕೆ ಕಷ್ಟಕಾಲದಲ್ಲಿ ಆಸರೆಯಾದ ಶ್ರೀಮಂತ ನೆಂಟ ಅವನು. ಲಲಿತ್ ಸಾಕಿ ಬೆಳೆಸಿದ ಅಣ್ಣನ ಮಗಳು ರಿಯಾಗೆ ಅವಳು ಚಿಕ್ಕವಳಿದ್ದಾಗ ಲೈಂಗಿಕ ಕಿರುಕುಳ ಕೊಟ್ಟವನೂ ಅವನೇ. ವಿಷಯ ಹೊರಬಿದ್ದ ರಾತ್ರಿ ಲಲಿತ್ ಒದ್ದಾಡುತ್ತಾನೆ, ಯಾಕಂದರೆ ಅವನ ಋಣ ಈ ಮನೆಯ ಮೇಲಿದೆ. ಕೊನೆಗೆ ಎಲ್ಲರ ಎದುರು ಅವನನ್ನು ಹೊರಟುಹೋಗು ಅನ್ನುತ್ತಾನೆ. ಮುಯ್ಯಿಗೂ ಈ ಮುಖ ಇದೆ, ಅದನ್ನು ನಾನು ಮುಚ್ಚಿಡಬಾರದು. ಕೊಟ್ಟವನ ಎದುರು ಬಾಯಿ ಬಿಡೋಕಾಗದೆ ನಮ್ಮೂರಿನ ಎಷ್ಟೋ ಮನೆಗಳಲ್ಲಿ ಎಷ್ಟೋ ವಿಷಯ ಮುಚ್ಚಿಹೋಗಿದೆ. ಋಣವನ್ನು ಹೀಗೆ ಎದುರಿಟ್ಟುಕೊಂಡು ನಿರ್ಧಾರ ಮಾಡಿದ ಅಪ್ಪ ನಮ್ಮ ಸಿನಿಮಾದಲ್ಲಿ ಅಪರೂಪ.

ನನ್ನ ತಕರಾರು ಇಷ್ಟೇ. ಮೇಲಿನವರ ಮದುವೆಗೆ ಇಷ್ಟೆಲ್ಲ ಲೆಕ್ಕ ಇಟ್ಟ ಸಿನಿಮಾ ಕೆಳಗಿನವರ ಮದುವೆಗೆ ಬರೀ ಹೂವು ಇಟ್ಟಿತು. ಅದಿತಿಗೆ ಗುಟ್ಟಿದೆ, ಲಲಿತನಿಗೆ ಸಾಲವಿದೆ, ರಿಯಾಗೆ ಗಾಯವಿದೆ. ಆಲಿಸ್‌ಗೆ ನಗು ಮಾತ್ರ ಇದೆ. ಅವಳಿಗೂ ಯಾರೋ ಸಾಲ ಕೊಟ್ಟಿರುತ್ತಾರೆ, ಅವಳ ಮದುವೆಗೂ ಯಾರನ್ನೋ ಕರೆಯಲೇಬೇಕಾಗಿರುತ್ತದೆ. ಕೊನೆಗೆ ದುಬೆ ದಂಪತಿಯನ್ನು ಶಾಮಿಯಾನದೊಳಗೆ ಕರೆದುಕೊಂಡು, ಎಲ್ಲರೂ ಮಳೆಯಲ್ಲಿ ಒಟ್ಟಿಗೆ ಕುಣಿಯುತ್ತಾರೆ. ಚೆಂದದ ದೃಶ್ಯವೇ. ಆದರೆ ಕರೆದವರು ವರ್ಮಾಗಳು, ಬಂದವರು ಇವರು. ವರ್ಮಾಗಳು ದುಬೆಯ ಮನೆಗೆ ಹೋಗಿ ಉಂಡಿದ್ದರೆ ಅದು ಬೇರೆ ಸಿನಿಮಾ ಆಗುತ್ತಿತ್ತು.

ಆ ಬೇರೆ ಸಿನಿಮಾದ ಹತ್ತಿರಕ್ಕೆ ಬಂದದ್ದು, ಹದಿನೇಳು ವರ್ಷದ ನಂತರ, ಅದೇ ತಿಲೋತ್ತಮಾ ಶೋಮ್. ರೊಹೆನಾ ಗೇರಾ ಅವರ ‘ಸರ್’ 2018ರಲ್ಲಿ ಕಾನ್ ಚಿತ್ರೋತ್ಸವದ ಕ್ರಿಟಿಕ್ಸ್ ವೀಕ್‌ನಲ್ಲಿ ಮೊದಲು ತೆರೆ ಕಂಡಿತು. ಇಲ್ಲೂ ಅವರದು ಮನೆಗೆಲಸದವಳ ಪಾತ್ರವೇ. ಆದರೆ ಈ ರತ್ನಾಗೆ ಲೆಕ್ಕವಿದೆ. ಅವಳು ವಿಧವೆ, ತಂಗಿಯನ್ನು ಓದಿಸಬೇಕು, ಹೊಲಿಗೆ ಕಲಿಯಬೇಕು, ಊರಿನವರು ಏನಂತಾರೆ ಅಂತ ಯೋಚಿಸಬೇಕು. ಅದಕ್ಕೇ ಯಜಮಾನ ಅಶ್ವಿನ್ ಪ್ರೀತಿಸಿದಾಗ ಮೊದಲು ಬೇಡ ಅನ್ನೋಳು ಅವಳೇ. ಅವನಿಗೆ ಅದು ಪ್ರೀತಿಯ ಪ್ರಶ್ನೆ, ಅವಳಿಗೆ ನಾಳೆ ಯಾರ ಮನೆಯಲ್ಲಿ ಹೇಗೆ ತಲೆ ಎತ್ತಿ ನಿಲ್ಲೋದು ಅನ್ನೋ ಪ್ರಶ್ನೆ. ಸಿನಿಮಾ ಮದುವೆಯವರೆಗೆ ಹೋಗೋದೇ ಇಲ್ಲ, ಅವಳು ಅವನನ್ನು ಹೆಸರು ಹಿಡಿದು ಕರೆಯುವಷ್ಟಕ್ಕೆ ನಿಲ್ಲುತ್ತದೆ. ‘ಮಾನ್ಸೂನ್ ವೆಡ್ಡಿಂಗ್’ನಷ್ಟು ಖುಷಿ ಇದರಲ್ಲಿಲ್ಲ, ನಂಬಿಕೆ ಹೆಚ್ಚು ಬರುತ್ತದೆ.

ಇಷ್ಟನ್ನೂ ಅವತ್ತು ಸೋಫಾದಲ್ಲೇ ಗಂಡನಿಗೆ ಹೇಳಿದೆ. ಸೈಕಲ್ ಅಂಗಡಿ ಮಾಮನ ವಿಷಯ ಅವನಿಗೆ ಗೊತ್ತೇ ಇರಲಿಲ್ಲ. ಆರು ವರ್ಷ ನಾನೂ ಹೇಳಿರಲಿಲ್ಲ, ನಾಚಿಕೆಯಿಂದ. ಈ ಸಲದ ನಾಚಿಕೆ ನನ್ನ ಬಗ್ಗೆಯೇ.

ಹೋದ ವಾರ ಆ ಮಾಮನ ಮಗಳ ಮದುವೆ ಇತ್ತು, ಮದ್ದೂರಿನ ಛತ್ರದಲ್ಲಿ. ಇಬ್ಬರೂ ಹೋದೆವು. ಬಾಗಿಲಲ್ಲಿ ಟೇಬಲ್, ಪುಸ್ತಕ. ಎಷ್ಟು ಬರೆಸಬೇಕು ಅಂತ ಗಂಡ ನನ್ನ ಕಿವಿಯಲ್ಲಿ ಕೇಳಿದ. ನಿಜ ಹೇಳಬೇಕಂದರೆ ನನಗೂ ಗೊತ್ತಾಗಲಿಲ್ಲ. ಅವರು ನಮಗೆ ತಂದ ಕವರಿನಲ್ಲಿ ಎಷ್ಟಿತ್ತು ಅಂತ ಗೊತ್ತಿದ್ದರೆ ತಾನೆ, ಅದಕ್ಕೆ ಸ್ವಲ್ಪ ಸೇರಿಸೋಕೆ?

ಅಪ್ಪನಿಗೆ ಫೋನ್ ಮಾಡಿ ಕೇಳಿದೆ. “ನೂರೊಂದು ಹಾಕಿ, ಉಂಡ್ಕಂಡು ಬನ್ನಿ” ಅಂದ.