ಮೊದಲು ಮೀಟರ್ ಹಿಡಿಯಿರಿ

ಮಧುಗಿರಿಯಿಂದ ಪಾವಗಡದ ಕಡೆ ರಾತ್ರಿ ಗಾಡಿ ಓಡಿಸುವವರ ಪ್ರಶ್ನೆ ಒಂದೇ: ನೂರು ವ್ಯಾಟಿನ ಬಲ್ಬ್ ಹಾಕಿಸುವುದೋ, ಎಲ್‌ಇಡಿ ಹಾಕಿಸುವುದೋ? ಎರಡೂ ಬೇಡ. ಹೋಲ್ಡರಿಗೆ ಎಷ್ಟು ವೋಲ್ಟ್ ಬರುತ್ತಿದೆ, ಮೊದಲು ನೋಡಿ.

ಹಳೆಯ ಜೀಪು, ಕಾರುಗಳಲ್ಲಿ ಹೆಡ್‌ಲೈಟಿನ ಕರೆಂಟು ಸ್ವಿಚ್ಚನ್ನೆಲ್ಲ ಸುತ್ತಿ ಬಲ್ಬಿಗೆ ಬರುತ್ತದೆ. ಆ ದಾರಿಯಲ್ಲಿ ವೋಲ್ಟೇಜ್ ಶೇ 10ರಷ್ಟು ಇಳಿದರೆ ಹ್ಯಾಲೊಜನ್ ಬೆಳಕು ಸುಮಾರು ಶೇ 30ರಷ್ಟು ಇಳಿಯುತ್ತದೆ. ತಪ್ಪು ವೈರಿನದು, ಬೈಗುಳ ಮಾತ್ರ 60/55 ವ್ಯಾಟಿನ ಎಚ್4 ಬಲ್ಬಿಗೆ. ಅದನ್ನು ಕಿತ್ತು ನೂರರದನ್ನು ಹಾಕಿದರೆ 12 ವೋಲ್ಟಿನಲ್ಲಿ 5 ಆಂಪಿಯರ್ ಹರಿಯುತ್ತಿದ್ದ ಕಡೆ ಎಂಟಕ್ಕೂ ಹೆಚ್ಚು ಹರಿಯುತ್ತದೆ. ವೈರಿನ ಕಾವು ಆಂಪಿಯರಿನ ವರ್ಗದಂತೆ ಏರುವುದರಿಂದ ಅದೇ ವೈರಿನಲ್ಲಿ ಹುಟ್ಟುವ ಕಾವು ಎರಡೂಮುಕ್ಕಾಲು ಪಟ್ಟು. ಹೋಲ್ಡರ್ ಕರಗುವುದು, ಡೂಮಿನೊಳಗಿನ ಬೆಳ್ಳಿಬಣ್ಣದ ಲೇಪ ಮಂಕಾಗುವುದು ಆಮೇಲಿನ ಕಥೆ.

ಬ್ಯಾಟರಿಯಿಂದ ನೇರವಾಗಿ ದಪ್ಪ ವೈರು, ಬ್ಯಾಟರಿ ಪಕ್ಕದಲ್ಲೇ ಫ್ಯೂಸು, ಡಿಮ್ಮಿಗೊಂದು ಬ್ರೈಟಿಗೊಂದು ರಿಲೇ, ತುಕ್ಕು ಕೆರೆದು ಬಿಗಿದ ಅರ್ತಿಂಗ್. ಇಷ್ಟಾದರೆ ಹಳೆಯ ಬಲ್ಬೇ ಸಾಕು.

‘ಎಲ್‌ಇಡಿಗೆ ಕಾವೇ ಇಲ್ಲ’ ಎನ್ನುವ ಪಂಗಡದೊಂದಿಗೆ ನನ್ನದು ಹಳೆಯ ಜಗಳ. ಹ್ಯಾಲೊಜನ್ ತನ್ನ ಕಾವಿನ ಬಹುಪಾಲನ್ನು ಬೆಳಕಿನ ಜೊತೆಗೇ ಹೊರಕ್ಕೆ ಚೆಲ್ಲುತ್ತದೆ. ಎಲ್‌ಇಡಿ ಚಿಪ್ಪಿನ ಕಾವು ಹಿಂದಿನ ಹೀಟ್‌ಸಿಂಕಿಗೆ ಹೋಗಬೇಕು. ಹಿಂದಿನ ರಬ್ಬರ್ ಮುಚ್ಚಿದರೆ ಕಾವು ಅಲ್ಲೇ ಕೂರುತ್ತದೆ, ಚಿಪ್ಪು ಕಾದಷ್ಟೂ ಬೆಳಕು ಇಳಿಯುತ್ತದೆ. ತೆಗೆದರೆ ಶಿರಾ ಕಡೆಯ ಧೂಳೆಲ್ಲ ಹೀಟ್‌ಸಿಂಕಿನ ಫ್ಯಾನಿಗೆ. ಅದಕ್ಕಿಂತ ದೊಡ್ಡ ತಪ್ಪು ಫೋಕಸಿನದು. ಎಚ್4ನಲ್ಲಿ ಡಿಮ್ಮಿನ ತಂತಿಯ ಕೆಳಗೆ ಪುಟ್ಟ ಲೋಹದ ತಟ್ಟೆಯಿದೆ. ಬೆಳಕು ಮೇಲಕ್ಕೆ ಚಿಮ್ಮದಂತೆ ತಡೆಯುವುದು ಅದೇ. ಚಿಪ್ಪು ತಂತಿಯ ಜಾಗದಲ್ಲೇ ಕೂರದಿದ್ದರೆ ಡಿಮ್ ಮಾಡಿದರೂ ಬೆಳಕು ಎದುರಿನವರ ಕಣ್ಣಿಗೇ. ಶಿರಾ ಹೆದ್ದಾರಿಯಲ್ಲಾದರೆ ನಡುವೆ ಡಿವೈಡರ್ ಇದೆ. ಒಳರಸ್ತೆಯಲ್ಲಿ ಕಡಲೆಕಾಯಿ ಬಳ್ಳಿ ಹೇರಿದ ಟ್ರಾಲಿ ಮುಂದಿದ್ದರೆ ಆ ಕಣ್ಣಿಗೆ ಅದು ಕಾಣುವುದೇ ಇಲ್ಲ. 2024ರ ಜುಲೈನಿಂದ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ದೀಪಗಳ ಮೇಲೆ ಕೇಸು ಹಾಕತೊಡಗಿದ್ದು ನನಗೆ ಸಂತೋಷದ ಸುದ್ದಿ.

ಇನ್ನು ಬಿಸಿಲು. ಪಾವಗಡದ ತಿರುಮಣಿಗೆ 2050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ತಂದ ಬಿಸಿಲೇ ನಮ್ಮ ಪ್ಲಾಸ್ಟಿಕ್ ಡೂಮುಗಳನ್ನು ಹಳದಿ ಮಾಡುತ್ತದೆ. ಗಾಜಿನ ಡೂಮಿಗೆ ಆ ರೋಗವಿಲ್ಲ. ಕೊರಟಗೆರೆಯ ಹಳೆಯ ಜೀಪಿನವರು ಗಾಜನ್ನು ಮಾರಿಕೊಳ್ಳಬೇಡಿ.

ಎಂಜಿನ್ ಓಡುವಾಗ ಹೋಲ್ಡರಿನಲ್ಲಿ ಮೀಟರ್ 13 ವೋಲ್ಟ್ ದಾಟಿಯೂ ಬೆಳಕು ಸಾಲದಿದ್ದರೆ ಡೂಮ್ ಬದಲಿಸಿ, ಬಲ್ಬಿನ ತಂಟೆಗೆ ಹೋಗಬೇಡಿ.