ಹಿಮಾಲಯದ ಹಕ್ಕಿಗೆ ಮಲ್ಲತ್ತಹಳ್ಳಿಯ ಕೆಸರು

ಗಣೇಶನ ಹಬ್ಬ ಮುಗಿದು ನವರಾತ್ರಿ ಹತ್ತಿರವಾಗುವ ಹೊತ್ತಿಗೆ ನಮ್ಮ ಕೆರೆಗಳಿಗೆ ಬೂದು ಸಿಪಿಲೆ ಬರುತ್ತದೆ. ಕುಂಡೆಕುಸ್ಕಗಳ ಬಳಗದ್ದು, ನೆಲಕ್ಕೆ ಕಾಲೂರಿದ್ದೇ ತಡ, ಬಾಲ ಕುಣಿಸಲು ಶುರು. ತೂಕ 20 ಗ್ರಾಂ ಆಸುಪಾಸು.

ಬೇಸಿಗೆಯಲ್ಲಿ ಇದು ಮರಿ ಮಾಡುವುದು ಹಿಮಾಲಯದ ಮತ್ತು ಅದರಾಚೆಯ ಬೆಟ್ಟದ ತೊರೆಗಳಲ್ಲಿ. ಹಿಮಾಚಲದ ಕುಲ್ಲು ಜಿಲ್ಲೆಯ ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನ ಅಂಥ ಸೀಮೆ. ವಿಸ್ತೀರ್ಣ 754 ಚದರ ಕಿ.ಮೀ.; 2014ರಿಂದ ವಿಶ್ವ ಪರಂಪರೆಯ ತಾಣ. ತೀರ್ಥನ್, ಸೈಂಜ್ ನದಿಗಳ ಕಣಿವೆಯಿಂದ ಏರುತ್ತ ಹೋದರೆ ದೇವದಾರು, ಓಕ್, ಭೂರ್ಜ, ಕೊನೆಗೆ ಬರೀ ಹುಲ್ಲುಗಾವಲು. ಕಸ್ತೂರಿ ಮೃಗ, ಹಿಮಚಿರತೆಗಳ ಜೊತೆ, ಸ್ಥಳೀಯರು ಜುಜುರಾಣಾ ಎನ್ನುವ ಅಪರೂಪದ ಟ್ರಾಗೋಪಾನ್ ಹಕ್ಕಿಯೂ ಅಲ್ಲಿದೆ. ಚಳಿ ಬಿದ್ದರೆ ಜುಜುರಾಣಾ ಅದೇ ಬೆಟ್ಟದ ತಗ್ಗಿಗೆ ಇಳಿಯುತ್ತದೆ. ಸಿಪಿಲೆಗೆ ಅಷ್ಟು ಸಾಲದು. ಕುಲ್ಲುವಿನಿಂದ ಬೆಂಗಳೂರಿಗೆ ನೇರ ಹಾದಿಯೇ ಸುಮಾರು 2,000 ಕಿ.ಮೀ.

ಬೆಂಗಳೂರಿನ ಮಲ್ಲತ್ತಹಳ್ಳಿ ಕೆರೆಯಲ್ಲಿ ಬೂದು ಸಿಪಿಲೆಯನ್ನು ಹುಡುಕುವವರು ನೀರು ಹರಿದು ಬರುವ ಕಡೆ ನೋಡಬೇಕು. ಬಯಲಲ್ಲಿ ಗುಂಪಾಗಿ ಮೇಯುವುದು ಹಳದಿ ಸಿಪಿಲೆ, ಅದರ ಕಾಲು ಕಪ್ಪು. ಬೂದು ಸಿಪಿಲೆ ಸಾಮಾನ್ಯವಾಗಿ ಒಂಟಿ. ಬೆನ್ನು ಬೂದಿಯ ಬಣ್ಣ, ಕಾಲು ತಿಳಿಗೆಂಪು, ಬಾಲದ ಬುಡದಲ್ಲಿ ಅಚ್ಚ ಹಳದಿ. ಗಂಡಿನ ಕಪ್ಪು ಗಂಟಲು ಬೇಸಿಗೆಯ ಅಲಂಕಾರ. ಇಲ್ಲಿರುವಾಗ ಗಂಟಲು ಬೆಳ್ಳಗೆ. ಕೆಸರಿನಂಚಿನಲ್ಲಿ ನಾಲ್ಕು ಹೆಜ್ಜೆ ಓಡಿ, ನಿಂತು, ಗಕ್ಕನೆ ಹಾರಿ ಹುಳ ಹಿಡಿಯುತ್ತದೆ.

ಅದಕ್ಕೆ ಬೇಕಾದದ್ದು ಆ ಕೆಸರಿನ ಅಂಚು. ಹಿಮಾಲಯದಿಂದ ಹಿಡಿದು ನಮ್ಮ ದಂಡೆಯವರೆಗೆ ಇದರ ಬದುಕು ಒಂದೇ. ಅಲ್ಲಿನ ಕಾವಲುಗಾರರು ಕಾಯುವುದು ಅದರ ಅರ್ಧ ವರ್ಷವನ್ನು. ಉಳಿದರ್ಧದ ಹೊಣೆ ನಮ್ಮದು. ಕೆರೆಯ ಸುತ್ತ ಒಂದಿಷ್ಟೂ ಬಿಡದೆ ಕಲ್ಲು ಕಟ್ಟಿ, ಹುಲ್ಲು ಹೆರೆದು, ದೀಪ ಹಾಕಿದರೆ ವಾಕಿಂಗ್‌ಗೆ ಸುಖ, ಹಕ್ಕಿಗೆ ಊಟವಿಲ್ಲ. ಅಕ್ಟೋಬರಿನಲ್ಲಿ ಬೆಂಗಳೂರನ್ನು ಹಾದುಹೋಗುವ ನವರಂಗ ಹಕ್ಕಿಗೂ ಇದೇ ಪಾಡು: ಅದು ಹುಳ ಕೆದಕುವುದು ಮರದಡಿಯ ತರಗೆಲೆಯಲ್ಲಿ. ಜ್ಞಾನಭಾರತಿ ಆವರಣದ ಮರಗಳಡಿ ಬಿದ್ದ ಎಲೆಯನ್ನು ಸುಡದೆ ಬಿಟ್ಟರೆ ಸಾಕು.

ಸಿಪಿಲೆ ಪ್ರತಿ ಚಳಿಗಾಲಕ್ಕೂ ಹಳೆಯ ಜಾಗಕ್ಕೇ ಮರಳುವುದುಂಟು. ಆದ್ದರಿಂದ ಕೆರೆ ಕೆಲಸದ ನಕ್ಷೆ ಮುಂದಿಟ್ಟಾಗ ಬಡಾವಣೆಯವರು ಒಂದು ಮಾತು ಕೇಳಲಿ: ನೀರು ಬರುವ ಮೂಲೆಯನ್ನು ಹಾಗೇ ಬಿಡುತ್ತೀರಾ? ಇದಕ್ಕೆ ಹಣ ಬೇಡ, ಕಲ್ಲು ಹಾಕದಿದ್ದರೆ ಆಯಿತು.